ಇಪ್ಪತ್ತೈದು ಮೈಲಿನ ನಡುಕ

ವೇಗದ ಮುಳ್ಳು ಇಪ್ಪತ್ತೈದಕ್ಕೆ ಬಂತು, ಸ್ಟೇರಿಂಗು ನಡುಗತೊಡಗಿತು. ಹುಲುಗಪ್ಪ ಹಲ್ಲು ಕಚ್ಚಿ, ಮೊಣಕಾಲನ್ನು ಸ್ಟೇರಿಂಗಿನ ಅಂಚಿಗೆ ಒತ್ತಿಟ್ಟು, ಎದುರಿಗೆ ಎತ್ತು ಅಡ್ಡ ಬಂದಿತೋ ಎಂಬ ಹಾಗೆ ಜೀಪಿನ ವೇಗ ಇಳಿಸಿದ. ದಾರಿಯಲ್ಲಿ ಎತ್ತು ಹಾಗಿರಲಿ, ಒಂದು ನಾಯಿಯೂ ಇರಲಿಲ್ಲ. ಎರಡೂ ಕಡೆ ಹತ್ತಿ ಹೊಲ, ನಡುವೆ ಕುರುಗೋಡಿಗೆ ಹೋಗುವ ನೆಟ್ಟಗಿನ ದಾರಿ.

"ಯಾಕಪಾ, ಮತ್ತ ನಿಧಾನ ಮಾಡಿದಿ?" ಬಲಗಡೆ ಕೂತಿದ್ದ ಡಾಕ್ಟರ್ ಚನ್ನವೀರಮ್ಮ ತೊಡೆಯ ಮೇಲಿನ ಔಷಧಿ ಪೆಟ್ಟಿಗೆ ಸರಿಪಡಿಸಿಕೊಳ್ಳುತ್ತ ಕೇಳಿದರು. "ಅಲ್ಲಿ ಹೆಣ್ಮಕ್ಕಳು ಕೂಸು ಕಟ್ಟಿಕೆಂಡು ಬಿಸಿಲಾಗ ಕುಂತಿರ್ತಾರ."

"ದಾರಿ ಚಂದಿಲ್ರಿ ಅಮ್ಮಾರ."

"ಹೋದ ತಿಂಗಳ ಇದ ದಾರಿ ಚಂದಿತ್ತಲ್ಲ!"

ಎರಡು ವಾರದಿಂದ ಇಪ್ಪತ್ತೈದರ ಹತ್ತಿರ ಹೋಗುವುದು, ನಡುಕ ಶುರುವಾದ ಕೂಡಲೇ ಇಳಿಸುವುದು, ಒಂದು ಸುಳ್ಳು ಹೇಳುವುದು, ಇದೇ ಆಗಿತ್ತು. ಬೇರೆ ಯಾವ ಡ್ರೈವರನಾಗಿದ್ದರೂ ಮೊದಲ ದಿನವೇ ಬಳ್ಳಾರಿಯ ಮೆಕ್ಯಾನಿಕ್ ಎರ್ರಣ್ಣನ ಶೆಡ್ಡಿಗೆ ಗಾಡಿ ಒಯ್ದು ನಿಲ್ಲಿಸುತ್ತಿದ್ದ. ಹುಲುಗಪ್ಪ ಒಯ್ಯಲಿಲ್ಲ. ಅವನ ಲೆಕ್ಕದಲ್ಲಿ ಕೆಟ್ಟದ್ದು ಜೀಪಲ್ಲ.

ಆರು ವರ್ಷದ ಹಿಂದೆ, ಯುದ್ಧದಲ್ಲಿ ಫೌಜಿನ ಲಾರಿ ಓಡಿಸುತ್ತಿದ್ದಾಗ, ಬರ್ಮಾದ ಗುಡ್ಡದ ದಾರಿಯಲ್ಲಿ, ಅವನ ಮುಂದೆ ಹೋಗುತ್ತಿದ್ದ ಲಾರಿ ಮಂದಿ ಸಮೇತ ಕೊಳ್ಳಕ್ಕೆ ಉರುಳಿತ್ತು. ಆಮೇಲೆ ಸ್ಟೇರಿಂಗು ಮುಟ್ಟಿದರೆ ಸಾಕು, ಕೈ ನಡುಗುತ್ತಿದ್ದವು. ಉಣ್ಣುವಾಗ ಇಲ್ಲ, ಬೀಡಿ ಹಚ್ಚುವಾಗ ಇಲ್ಲ, ಸ್ಟೇರಿಂಗಿನ ಮೇಲೆ ಮಾತ್ರ. ಫೌಜಿನವರು ಐದು ತಿಂಗಳು ಅಡುಗೆಮನೆಯ ಪಾತ್ರೆ ತೊಳೆಯಲು ಹಾಕಿದ್ದರು. ಆ ನಡುಕ ಹೇಗೋ ಹೋಯಿತು. ಊರಿಗೆ ಬಂದ. ಡಾಕ್ಟರಮ್ಮ ಮಿಲಿಟರಿ ಹರಾಜಿನಲ್ಲಿ ಎಡಗಡೆ ಕೂತು ಓಡಿಸುವ ಈ ಜೀಪು ಕೊಂಡು, ಇದನ್ನು ಓಡಿಸಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿಸಿದಾಗ ಸಿಕ್ಕವನು ಅವನೇ. ಐದು ತಿಂಗಳ ಮಾತು ಅವರಿಗೆ ಹೇಳಿರಲಿಲ್ಲ. ಈಗ ಅದೇ ನಡುಕ ಮರಳಿ ಬಂದಿತ್ತು.

ಇದು ಗೊತ್ತಿದ್ದದ್ದು ಹೆಂಡತಿ ಸುಂಕಮ್ಮನಿಗೆ ಒಬ್ಬಳಿಗೇ. ಆ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಇವನು ಹೇಳಿದ್ದ, "ಇವತ್ತ ಕೆಲಸ ಬಿಡ್ತೀನಂತ ಅಮ್ಮಾರಿಗೆ ಹೇಳಿಬಿಡ್ತೀನಿ. ಹತ್ತಿ ಮಿಲ್ಲಿನಾಗ ಅಂಡಿಗಿ ಮೂಟಿ ಹೊರಾಕ ಹೋಗ್ತೀನಿ."

"ಅಂಡಿಗಿ ಹೊರಾಕ ಕೈ ಬ್ಯಾಡೇನು?" ಅವಳು ತಲೆಯೆತ್ತಲಿಲ್ಲ. "ರೊಟ್ಟಿ ಮುರಿವಾಗ ಕಲ್ಲಿನಂಗ ಇರೋ ಕೈ, ಜೀಪಿನಾಗ ಕುಂತ ಕೂಡ್ಲೆ ದೆವ್ವ ಬಡದಂಗ ಕುಣೀತಾವಂದ್ರ, ಒಮ್ಮಿ ಜೀಪಿಗೂ ಕೇಳ್ಬೇಕಪ ಏನಾತು ನಿಂಗಂತ."

"ನಿಂಗ ತಿಳಿಯಂಗಿಲ್ಲ ಸುಮ್ನಿರು."

"ಹೌದೌದು, ನಂಗೇನು ತಿಳೀತತಿ. ನಾನೇನು ಬರ್ಮಾ ನೋಡೀನಾ?"

ಅವನು ಎದ್ದು ಬಂದಿದ್ದ.

ಕುರುಗೋಡಿನ ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಲ್ಲಿಂದ ಸಿರುಗುಪ್ಪಕ್ಕೆ ಹೊರಟರು. ಬಾದನಹಟ್ಟಿ ದಾಟಿದ ಮೇಲೆ ಒಂದು ಹಳ್ಳ. ನೀರು ಮೊಣಕಾಲುದ್ದ, ತಳವೆಲ್ಲ ಉಸುಕು. ಹುಲುಗಪ್ಪ ಮುಂದಿನ ಗಾಲಿಗಳಿಗೂ ಎಳೆತ ಕೊಡುವ ಸಣ್ಣ ಹಿಡಿಕೆಯನ್ನು ದೂಡಿ ಗಾಡಿಯನ್ನು ನೀರಿಗೆ ಇಳಿಸಿದ. ನಾಲ್ಕೂ ಗಾಲಿ ಉಸುಕನ್ನು ಅಗೆಯುತ್ತ ಆಚೆ ದಂಡೆ ಹತ್ತಿದವು. ದಂಡೆಯ ಮೇಲೆ ದಾರಿ ಎಡಕ್ಕೆ ಹೊರಳುತ್ತಿತ್ತು. ಸ್ಟೇರಿಂಗು ತಿರುಗಿಸಿದ. ಎರಡು ವಾರದಿಂದ ಅವನ ಕಿವಿಯಲ್ಲಿ ಕೂತಿದ್ದ ಒಂದು ಸಪ್ಪಳ ಮತ್ತೆ ಎದ್ದಿತು, ಕಟ ಕಟ ಕಟ. ಬರ್ಮಾದಿಂದ ಅವನ ಕಿವಿಗಳೂ ಪೂರಾ ಸರಿಯಾಗಿ ಬಂದಿರಲಿಲ್ಲ. ಇಲ್ಲದ್ದನ್ನು ಕೇಳಿಸುತ್ತಿದ್ದವು. ಇದೂ ಅಂಥದೇ ಎಂದುಕೊಂಡಿದ್ದ.

"ಹುಲುಗಪ್ಪ, ನಿಂದ್ರಸು."

ನಿಲ್ಲಿಸಿದ. ಎಂಜಿನ್ನು ಆರಿತು. ಹಳ್ಳದ ನೀರು ಹರಿಯುವುದು ಕೇಳಿಸಿತು.

"ನನ್ನ ಕಾಲ ಬುಡಕ ಏನದು ಕಟ ಕಟ ಅನ್ನೋದು?"

ಹುಲುಗಪ್ಪ ಅವರ ಮುಖವನ್ನೇ ನೋಡಿದ. "ನಿಮಗೂ ಕೇಳಿಸ್ತೇನ್ರಿ?"

"ನಾನೇನು ಕಿವುಡಿ ಏನು? ಎರಡು ವಾರದಿಂದ ಕೇಳಿಕೆಂತ ಬಂದೀನಿ. ತಿರುವು ಬಂದ್ರ ಸಾಕು, ಅಂತತಿ. ಗಾಡಿ ವಿಷಯ ನಿಂಗ ಗೊತ್ತಿರ್ತತಿ, ನಾ ಯಾಕ ಬಾಯಿ ಹಾಕಲಿ ಅಂತ ಸುಮ್ಮನಿದ್ದೆ."

ಸಂಜೆಗೆ ಹೇಳಬೇಕೆಂದು ಹುಲುಗಪ್ಪ ಅಂದುಕೊಂಡದ್ದು ಅಲ್ಲೇ, ಹಳ್ಳದ ದಂಡೆಯ ಮೇಲೆ, ಹಿಂದುಮುಂದಾಗಿ ಹೊರಬಿತ್ತು. ಕೈ ನಡುಗುವುದು, ಕೊಳ್ಳಕ್ಕೆ ಬಿದ್ದ ಲಾರಿ, ಪಾತ್ರೆ ತೊಳೆದ ಐದು ತಿಂಗಳು. "ನಿಮ್ಮನ್ನ ಕೂಡ್ರಿಸಿಕೆಂಡು ನಾನು ಗಾಡಿ ಹೊಡಿಯೋದು ಪಾಪ ಐತ್ರಿ ಅಮ್ಮಾರ. ಬ್ಯಾರೆ ಡ್ರೈವರ್ನ ನೋಡಿಕೆಳ್ರಿ."

ಚನ್ನವೀರಮ್ಮ ಪೆಟ್ಟಿಗೆಯ ಮುಚ್ಚಳ ತೆರೆದರು. ಆಮೇಲೆ, "ಕೈ ಚಾಚು" ಎಂದರು. ಚಾಚಿದ. ಪೆಟ್ಟಿಗೆಯಿಂದ ಔಷಧಿ ಬರೆಯುವ ಚೀಟಿಯೊಂದನ್ನು ತೆಗೆದು ಅವನ ಬೆರಳುಗಳ ಮೇಲೆ ಹರವಿದರು. ನಡುಕ ಎಷ್ಟು ಸಣ್ಣದಿದ್ದರೂ ಕಾಗದದ ಅಂಚು ಹೇಳಿಬಿಡುತ್ತದೆ. ಆದರೆ ಹಳ್ಳದ ಮೇಲಿಂದ ಗಾಳಿ ಬಂದು ಚೀಟಿ ಹಾರಿ ನೀರಿಗೆ ಬಿತ್ತು.

"ಥೂ ಇದರ!" ಎಂದರು ಅವರು. ಇನ್ನೊಂದು ಚೀಟಿ ತೆಗೆಯಲಿಲ್ಲ. "ಕೈ ನಾನು ಆಮ್ಯಾಲೆ ನೋಡ್ತೀನಿ. ನಾಳಿ ಗಾಡೀನ ಎರ್ರಣ್ಣಗ ತೋರ್ಸು. ನಾ ಮೂವತ್ತು ವರ್ಷದಿಂದ ಮಂದಿ ಕೈ ಹಿಡದು ನೋಡೀನಪಾ. ಒಂದು ಕೈಯೂ ಕಟ ಕಟ ಅಂದಿಲ್ಲ."

ಮರುದಿನ ಎರ್ರಣ್ಣ ಜೀಪಿನ ಮುಂಭಾಗವನ್ನು ಜಾಕಿನ ಮೇಲೆ ಎತ್ತಿಸಿದ. ಬಲಗಾಲಿಯ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಿಸಿದ. ಮುದುಕನ ಹಲ್ಲಿನ ಹಾಗೆ ಅದು ಬುಡದಿಂದ ಅಲ್ಲಾಡಿತು.

"ಒರೇ ಹುಲುಗಾ, ಇಂಥಾದ್ನ ಹಿಡಕಂಡು ಎರಡು ವಾರ ತಿರುಗಿದಿಯಾ? ನಿನ್ನ ಕೈಗಿಷ್ಟು ಬೆಂಕಿ ಹಾಕ! ನಾನಾಗಿದ್ರ ಎರಡನೇ ದಿನಕ್ಕ ಹೊಲದಾಗ ಬಿದ್ದಿರ್ತಿದ್ದೆ."

ಗಾಲಿ ಕಳಚಿದ. ಅದರ ಹಿಂದೆ ಗಾಲಿಯನ್ನು ಅತ್ತಿತ್ತ ಹೊರಳಿಸುವ, ದುಂಡನೆಯ ಉಕ್ಕಿನ ಗುಂಡು. ಅದನ್ನು ಬಿಚ್ಚಿದಾಗ ಗ್ರೀಸು ಬರಬೇಕಾದಲ್ಲಿ ಎರೆಮಣ್ಣಿನ ಕಪ್ಪು ನೀರು ಅಂಬಲಿಯಂತೆ ಸುರಿಯಿತು. ಒಳಗಿನ ಕೀಲು ಒಣಗಿ ಸವೆದಿತ್ತು. ಅದೇ ಕಟಕಟ. ಮೇಲೂ ಕೆಳಗೂ ಕೂರಿಸಿದ್ದ ಬೇರಿಂಗುಗಳು ತುಕ್ಕು ಹಿಡಿದು ಕೈಗೆ ಪುಡಿಪುಡಿಯಾಗಿ ಬಂದವು.

"ಕಿಂಗ್‌ಪಿನ್ನಿನ ಬೇರಿಂಗು ಇವು. ಗಾಲಿಗೆ ಕುತ್ತಿಗಿ ಇದ್ದಂಗ. ಕುತ್ತಿಗಿ ಹೋದ ಮ್ಯಾಲೆ ತಲಿ ನಿಂದ್ರತತೇನು? ಹಳ್ಳದ ನೀರು ಕುಡದು ಕುಡದು ಹಿಂಗಾಗೇತಿ. ಇದನ್ನ ಬಿಚ್ಚಿ ನೋಡ್ಬೇಕಂತ ನಿಮ್ಮ ಮಿಲಿಟ್ರ್ಯಾಗ ಹೇಳಿಕೊಟ್ಟಿಲ್ಲೇನಲೇ?"

ಹೇಳಿಕೊಟ್ಟಿದ್ದರು. ಈ ಎರಡು ವಾರದಲ್ಲಿ ಎರಡು ಸಲ ಬೋಲ್ಟು ಬಿಚ್ಚುವ ಪಾನಾ ಹಿಡಿದು ಆ ಗಾಲಿಯ ಮುಂದೆ ಕೂತು, ಹಾಗೇ ಎದ್ದು ಹೋಗಿದ್ದ. ಬಿಚ್ಚಿ ನೋಡಿ, ಒಳಗೆ ಎಲ್ಲ ನೆಟ್ಟಗಿದ್ದುಬಿಟ್ಟರೆ? ಆಮೇಲೆ ಉಳಿಯುವುದು ಇವನ ಕೈ ಮಾತ್ರ. ಅದನ್ನು ಎರ್ರಣ್ಣನಿಗೆ ಹೇಳಲಿಲ್ಲ. "ಮರ್ತಿದ್ದೆ" ಎಂದ.

ಹರಾಜಿನ ಗುಜರಿಯಲ್ಲಿ ಬಿದ್ದಿದ್ದ ಇನ್ನೊಂದು ಜೀಪಿನ ಸಾಮಾನು ತಂದು ಎರಡೂ ಕಡೆ ಕೂಡಿಸಲು ಮೂರು ದಿನ ಹಿಡಿಯಿತು. ಕೊನೆಗೆ ಎರ್ರಣ್ಣ ತಾನೇ ಕೂತು ರೈಲ್ವೆ ಗೇಟಿನವರೆಗೆ ಓಡಿಸಿಕೊಂಡು ಬಂದ.

"ಮೂವತ್ತೈದು ಹೊಡದೆ. ಹೂ ಹಿಡಕಂಡಂಗ ಐತಿ. ಕುಂದ್ರು, ಒಂದು ರೌಂಡು ಹಾಕಿ ಬಾ."

"ನೀ ನೋಡಿದೆಲ್ಲಣ್ಣ, ಸಾಕು ಬಿಡು."

ಗಾಡಿಯನ್ನು ಬೀದಿಯಲ್ಲಿ ನಿಧಾನವಾಗಿ, ಕುದುರೆಯನ್ನು ನಡೆಸಿಕೊಂಡು ಹೋಗುವವರ ಹಾಗೆ, ಡಾಕ್ಟರಮ್ಮನ ಮನೆಗೆ ಒಯ್ದು ನಿಲ್ಲಿಸಿದ. ಈ ಮೂರು ದಿನ ದೂರಲು ಒಂದು ಬೇರಿಂಗಾದರೂ ಇತ್ತು. ಇನ್ನು ನಡುಗಿದರೆ ಯಾರನ್ನು ದೂರುವುದು?

ಗುರುವಾರ ಮತ್ತೆ ಕುರುಗೋಡಿಗೆ ಹೊರಟರು. ಊರು ದಾಟಿದರೂ ಮುಳ್ಳು ಇಪ್ಪತ್ತರ ಮೇಲೆ ಏಳಲಿಲ್ಲ. ಒಂದು ಮೈಲು ಹೋಯಿತು, ಎರಡು ಹೋಯಿತು.

"ಹುಲುಗಪ್ಪ."

"ಹೂಂ ರಿ."

"ನಾ ಇಳದು ದೂಡ್ಲೇನು?"

ಅವನಿಗೆ ನಗು ಬಂತು. ನಗುತ್ತಲೇ ಕಾಲು ಒತ್ತಿದ. ಚನ್ನವೀರಮ್ಮ ಮುಳ್ಳಿನ ಕಡೆಯಾಗಲಿ ಅವನ ಕೈಗಳ ಕಡೆಯಾಗಲಿ ನೋಡಲಿಲ್ಲ. ಬೇಕೆಂದೇ ಎಂಬಂತೆ ಪೂರಾ ಬಲಕ್ಕೆ ತಿರುಗಿ, ಹತ್ತಿ ಬಿಡಿಸುತ್ತಿದ್ದ ಹೆಂಗಸರನ್ನು ನೋಡುತ್ತ ಕೂತರು. ಇಪ್ಪತ್ತೆರಡು. ಇಪ್ಪತ್ನಾಲ್ಕು. ಅವನ ಮೊಣಕಾಲು ತಾನಾಗಿ ಸ್ಟೇರಿಂಗಿನತ್ತ ಎದ್ದಿತು. ಅದನ್ನು ಕೆಳಗಿಳಿಸಿದ. ಇಪ್ಪತ್ತೈದು. ಅಂಗೈಯೊಳಗೆ ಏನೋ ಗುಂಯ್‌ಗುಟ್ಟಿತು. ಉಸಿರು ಹಿಡಿದ. ಅದು ಎಂಜಿನ್ನಿನದು. ಯಾವ ಗಾಡಿಗಾದರೂ ಇರುವಂಥದು. ಇಪ್ಪತ್ತೆಂಟು. ಮೂವತ್ತು.

ಎದುರಿಗೆ ಹತ್ತಿ ತುಂಬಿದ ಬಂಡಿಯೊಂದು ಬರುತ್ತಿತ್ತು. ಬಂಡಿಯವನು ಎತ್ತುಗಳನ್ನು ಪಕ್ಕಕ್ಕೆ ಹೊಡೆದು ದಾರಿ ಬಿಟ್ಟ, ಬಾರುಕೋಲು ಎತ್ತಿ ಕೂಗಿ ಏನೋ ಕೇಳಿದ. ಹುಲುಗಪ್ಪ ಸ್ಟೇರಿಂಗಿನಿಂದ ಒಂದು ಕೈ ಬಿಡಿಸಿ ಮೇಲೆತ್ತಿದ. ಬಂಡಿ ಹಿಂದಾಯಿತು, ಅದೆಬ್ಬಿಸಿದ ಧೂಳೂ ಹಿಂದಾಯಿತು. ಸ್ಟೇರಿಂಗಿನ ಮೇಲಿನ ಕೈ ಅಲುಗದೆ ನಿಂತಿತ್ತು, ಎತ್ತಿದ ಕೈ ಇನ್ನೂ ಗಾಳಿಯಲ್ಲೇ ಇತ್ತು.