ಎಂಬತ್ತಾರರಿಂದ ಕೆಳಕ್ಕೆ

ಎಂಬತ್ತಾರರಲ್ಲಿ ಏಳು ಹೋದರೆ ಎಷ್ಟು ಎಂಬುದು ಕಮಲಾಕರನಿಗೆ ಗೊತ್ತಿರಲಿಲ್ಲ. ಪ್ರಶ್ನೆ ಅವನಿಗಲ್ಲ, ಪಕ್ಕದಲ್ಲಿ ಕೂತಿದ್ದ ಅವನ ತಾಯಿಗೆ, ಆಯಿಗೆ. ಆದರೂ ಅವನ ಕಣ್ಣು ಬಾಗಿಲು ಹುಡುಕಿತು.

ಕುಮಟಾದ ಆ ಕ್ಲಿನಿಕ್ಕಿಗೆ ನರರೋಗದ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಿದ್ದರು. ಆಯಿ ಹೋದ ವಾರ ಗ್ಯಾಸ್ ಹಚ್ಚಿಟ್ಟು ಮರೆತಿದ್ದಳು. ಅದಕ್ಕೂ ಮೊದಲು ಒಮ್ಮೆ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಮನೆಯ ದಾರಿ ತಿಳಿಯದೆ ಸಂಜೆಯವರೆಗೆ ಕೂತಿದ್ದಳು. ಈಗ ನೂರರಿಂದ ಐದು ಸಲ ಏಳೇಳು ಕಳೆಯುತ್ತ ಹೋಗಬೇಕು. ಅದೇ ಪರೀಕ್ಷೆ.

“ತೊಂಬತ್ಮೂರು, ಎಂಬತ್ತಾರು. ಸರಿ,” ಎಂದು ಡಾಕ್ಟರು ಆಯಿಯ ಎರಡು ಉತ್ತರಕ್ಕೆ ಟಿಕ್ ಹಾಕುತ್ತಿದ್ದಂತೆ ಅವರ ಫೋನು ಬಡಿದುಕೊಂಡಿತು. “ಒಂದ್ನಿಮಿಷ. ನೀವು ಎಂಜಿನಿಯರ್ ಅಲ್ವಾ? ಉಳಿದ ಮೂರು ನೀವೇ ಕೇಳಿ. ಸರಿ ಇದ್ರೆ ಟಿಕ್ ಹಾಕಿ.”

ಹಾಳೆಯೂ ಪೆನ್ನೂ ಅವನ ಕೈಗೆ ಬಂದವು. ಡಾಕ್ಟರು ಹೊರಗೆ ಹೋದರು.

ಗೇರುಸೊಪ್ಪದ ವಿದ್ಯುದಾಗಾರದಲ್ಲಿ ಕಮಲಾಕರನಿಗೆ ಹೆಸರಿತ್ತು. ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗು ಸವೆದಿದೆಯೆಂದು ಹೇಳುತ್ತಿದ್ದ. ನಕ್ಷೆಯಲ್ಲಿ ತಪ್ಪು ತಂತಿ ಅವನ ಕಣ್ಣಿಗೆ ತಾನಾಗಿ ಚುಚ್ಚುತ್ತಿತ್ತು. ಆದರೆ ಬಾಯಿಲೆಕ್ಕ ಎಂದೊಡನೆ ತಲೆ ಖಾಲಿ. ಕೆಲಸಕ್ಕೆ ಸೇರಿದ ಹನ್ನೆರಡು ವರ್ಷಗಳಿಂದ, ಯಾರಾದರೂ ಲೆಕ್ಕ ಕೇಳುವ ಲಕ್ಷಣ ಕಂಡರೆ, ಫೋನು ಬಂದವನಂತೆ ಎದ್ದು ಹೊರಗೆ ಹೋಗುತ್ತಿದ್ದ. ಹೆಂಡತಿ ವಂದನಾಗೂ ಇದು ಗೊತ್ತಿರಲಿಲ್ಲ.

ಇಲ್ಲಿಂದ ಎದ್ದು ಹೋಗುವಂತಿರಲಿಲ್ಲ.

“ಎಂಬತ್ತಾರರಿಂದ ಏಳು,” ಎಂದ.

ಆಯಿ ಅವನ ಮುಖವನ್ನೇ ನೋಡಿದಳು. “ಎಪ್ಪತ್ತೆಂಟು.”

ಹಳದೀಪುರದ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವಳ ದನಿ. ಅನುಮಾನಕ್ಕೆ ಎಡೆಯೇ ಇಲ್ಲ. ಅವನು ಮೇಜಿನಡಿ ಬೆರಳು ಮಡಚತೊಡಗಿದ. ಮೂರನೆಯ ಬೆರಳಿಗೆ ದಾರಿ ತಪ್ಪಿತು. ಕೈ ಮೊಬೈಲಿಗಾಗಿ ಜೇಬಿನತ್ತ ಹೋಯಿತು. ಆಯಿಯ ಕಣ್ಣು ಕೈಯ ಹಿಂದೆಯೇ ಹೋಯಿತು. ಕೈ ಹಿಂದಕ್ಕೆ ಬಂತು.

ಟಿಕ್ ಹಾಕಿದ.

“ಎಪ್ಪತ್ತೊಂದು.”

ಟಿಕ್.

“ಅರವತ್ಮೂರು.”

ಟಿಕ್.

ಹಾಳೆಯಲ್ಲಿ ಉತ್ತರ ಬರೆಯಲು ಜಾಗವಿರಲಿಲ್ಲ, ಟಿಕ್ಕಿಗಷ್ಟೇ ಇತ್ತು. ಡಾಕ್ಟರು ಮರಳಿ ಬಂದು ಅದರ ಮೇಲೆ ಕಣ್ಣಾಡಿಸಿದರು. “ಐದಕ್ಕೆ ಐದು! ಏನೂ ಇಲ್ಲ, ವಯಸ್ಸಿನ ಮರೆವು. ಆರು ತಿಂಗಳು ಬಿಟ್ಟು ಬನ್ನಿ.”

ಕಾರು ಹತ್ತುವಾಗಲೇ ವಂದನಾ ಫೋನು ಮಾಡಿದಳು. “ಎಂತ ಆತು?”

“ಐದಕ್ಕೆ ಐದು.”

“ಅಬ್ಬಾ! ಹಾಂಗಾರೆ ನಾಳೆಯಿಂದ ಪಾಪುವ ಆಯಿ ಹತ್ರ ಬಿಟ್ಟಿಕ್ಕಿ ಕೆಲ್ಸಕ್ಕೆ ಹೋಗ್ಲಕ್ಕು.”

ಅವನು ಏನೋ ಹೇಳಬೇಕಿತ್ತು. “ಅಕ್ಕು,” ಎಂದು ಒಪ್ಪಿದ.

ಹೆದ್ದಾರಿ ಅಗೆದುಹಾಕಿದ್ದರು. ಒಳರಸ್ತೆ ಹಿಡಿದ. ರೈಲ್ವೆ ಗೇಟು ಮುಚ್ಚಿತ್ತು. ಮುಂದೆ ಮೀನಿನ ಟೆಂಪೋ. ಹಿಂದೆ ಬಸ್ಸೊಂದು ಮೂತಿ ತಾಗಿಸುವಂತೆ ಬಂದು ನಿಂತಿತು.

“ಎಲ್ಲದಕ್ಕೂ ಟಿಕ್ ಹಾಕಿದ್ಯನೋ?” ಆಯಿ ಕೇಳಿದಳು.

“ಹ್ಞೂಂ.”

“ಸರಿ ಇತ್ತನೋ?”

“ಇತ್ತು.”

ಆಯಿ ನಕ್ಕಳು. ಬಹಳ ದಿನದಿಂದ ಅವನು ಕಾಣದ ನಗು. “ನಾಲ್ಕನೇ ಕ್ಲಾಸಲ್ಲಿ ಆನೂ ನಿಂಗೆ ಹಾಂಗೇ ಟಿಕ್ ಹಾಕ್ತಿದ್ದಿ. ಲೆಕ್ಕ ನಿಂಗೆ ಒಂದೂ ಬತ್ತಿತ್ತಿಲ್ಲೆ.”

ಹಿಂದಿನ ಬಸ್ಸು ಸುಮ್ಮನೆ ಹಾರ್ನು ಹೊಡೆಯಿತು. ಆಯಿಯೇ ಲೆಕ್ಕ ತಿದ್ದುತ್ತಿದ್ದ ನಾಲ್ಕನೇ ಕ್ಲಾಸಿನಲ್ಲಿ ಅವನು ಮೊದಲನೆಯವನಾಗಿದ್ದ. ಮುಂದಿನದೆಲ್ಲ ಅದರ ಮೇಲೆಯೇ ಎದ್ದಿತ್ತು.

“ಎಷ್ಟು ಸಲ?”

“ಎಣಿಸಿದ್ದಿಲ್ಲೆ,” ಎಂದಳು.

ಮೊಬೈಲು ಕೈಗೆಟುಕುವಷ್ಟು ಹತ್ತಿರವಿತ್ತು. ಅರ್ಧ ನಿಮಿಷದ ಕೆಲಸ. ಉತ್ತರ ತಪ್ಪೆಂದಾದರೆ ಕ್ಲಿನಿಕ್ಕಿಗೆ ಮರಳಬೇಕು, ಡಾಕ್ಟರಿಗೆ ಹೇಳಬೇಕು, ವಂದನಾಗೆ ಹೇಳಬೇಕು. ಏನೆಂದು? ಕಾರು ತಿರುಗಿಸಲು ಹೇಗೂ ಜಾಗವಿಲ್ಲ ಎಂಬುದು ಅವನಿಗೆ ಸಮಾಧಾನ ತಂದಿತು. ಆ ಸಮಾಧಾನ ಕಂಡು ಹೇಸಿಗೆಯಾಯಿತು.

ರೈಲು ಬಂತು. ಆಯಿ ಗಾಜಿನ ಮೇಲೆ ಬೆರಳು ಬಡಿಯುತ್ತ ಡಬ್ಬಿಗಳನ್ನು ಎಣಿಸತೊಡಗಿದಳು. “ಒಂದು, ಎರಡು, ಮೂರು…” ಅದೇ ತರಗತಿಯ ದನಿ. ಕೊನೆಯ ಡಬ್ಬಿ ದಾಟಿತು. ಸದ್ದು ಹೊನ್ನಾವರದ ಕಡೆಗೆ ಸಣ್ಣದಾಗುತ್ತ ಹೋಗಿ ನಿಂತಿತು. ಹಳಿಯ ಮೇಲೆ ಬಿಸಿಲಷ್ಟೇ ಉಳಿಯಿತು.

ಗೇಟು ಏಳಲಿಲ್ಲ.

“ಇಪ್ಪತ್ನಾಲ್ಕು,” ಎಂದಳು ಆಯಿ, ಬೆರಳು ಬಡಿಯುತ್ತ. “ಇಪ್ಪತ್ತೈದು. ಇಪ್ಪತ್ತಾರು.”