ಐವತ್ತೆಂಟು ಅಡಿಗೆ ಇಳಿದರೆ

ಮಗಳ ಮದುವೆಗೆ ಇನ್ನು ಹದಿನೆಂಟೇ ದಿನ. ಅಚ್ಚಾಗಿ ಬಂದ ಎಂಟುನೂರು ಲಗ್ನಪತ್ರಿಕೆ ಬೀರುವಿನಲ್ಲಿ ಹಾಗೇ ಬಿದ್ದಿವೆ, ಒಂದನ್ನೂ ಯಾರಿಗೂ ಕೊಡುವ ಹಾಗಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಹೇಳಲು ನನಗೇ ನಾಚಿಕೆ. ಅಣೆಯಲ್ಲಿ ನೀರು ಜಾಸ್ತಿ ಇದೆ, ಅದಕ್ಕೆ.

ಮೊದಲ ಪತ್ರಿಕೆ ಕುಲದೇವರ ಮುಂದೆ ಇಡಬೇಕು, ಆಮೇಲೆ ನೆಂಟರಿಗೆ. ಇದು ಎಲ್ಲರ ಮನೆಯಲ್ಲೂ ಇರುವುದೇ. ಆದರೆ ಎಲ್ಲರ ದೇವರೂ ನೆಲದ ಮೇಲಿದ್ದಾರೆ, ನಮ್ಮದು ನೀರಿನೊಳಗೆ. ನನ್ನ ಮಾವ ನಂಜಪ್ಪನ್ ಎಂಟು ವರ್ಷದವರಿದ್ದಾಗ ಹೊಳೆಗೆ ಅಣೆ ಕಟ್ಟಿದರು, ಅವರ ಊರು ಮುಳುಗಿತು, ದೇವರೂ ಮುಳುಗಿತು. ನೀರು ಐವತ್ತೆಂಟು ಅಡಿಗೆ ಇಳಿದರೆ ಮಾತ್ರ ಆ ದೇವರ ಕಲ್ಲಿನ ತಲೆ ಕಾಣುವುದು. ಬೇಸಿಗೆಯಲ್ಲಿ ಇಳಿಯುತ್ತದೆ ಎಂದೇ ನಮ್ಮ ಮನೆಯ ಮದುವೆಗಳೆಲ್ಲ ಮೇ ನಡುವಿಗೆ ಶುರುವಾಗುವ ವೈಕಾಸಿ ತಿಂಗಳಲ್ಲಿ. ಈ ವರ್ಷ ನೋಡಿದರೆ ಬೆಟ್ಟದಲ್ಲಿ ಬೇಸಿಗೆ ಮಳೆ ಬಿಡದೆ ಹೊಯ್ದು ಅರವತ್ತೊಂದರಲ್ಲೇ ನಿಂತಿದೆ.

ನನ್ನ ಯಜಮಾನರು ದೇವರಾಜನ್, ಪೊಳ್ಳಾಚಿಯಲ್ಲಿ ತೆಂಗಿನ ನಾರಿನ ವ್ಯಾಪಾರ. ದಿನಾ ಬೆಳಗಾದರೆ ಅಣೆಯಲ್ಲಿ ಕೆಲಸ ಮಾಡುವ ಒಬ್ಬನಿಗೆ ಫೋನ್ ಮಾಡುತ್ತಾರೆ. ತಾಲ್ಲೂಕಿನ ರೈತರೆಲ್ಲ ಎಷ್ಟು ಏರಿತು ಎಂದು ಕೇಳುವಾಗ ಇವರು ಎಷ್ಟು ಇಳಿಯಿತು ಎಂದು ಕೇಳುವುದು. ನೀವು ಎಂಥ ಮನುಷ್ಯರು ಸಾರ್ ಎಂದು ಅವನು ಒಂದು ದಿನ ಕೇಳಿಯೇಬಿಟ್ಟನಂತೆ. ನನಗೂ ಅದೇ ಕೇಳಬೇಕು ಅನ್ನಿಸಿತ್ತು.

ಅಷ್ಟರಲ್ಲಿ ಗಂಡಿನವರು ತಮ್ಮ ಕಡೆಯ ಪತ್ರಿಕೆಗಳನ್ನೆಲ್ಲ ಹಂಚಿ ಮುಗಿಸಿದ್ದರು. ಮದುಕ್ಕರೈಯಲ್ಲಿರುವ ನಾದಿನಿ ಜಾನಮ್ಮನಿಗೆ ಸುದ್ದಿ ತನ್ನ ಪಕ್ಕದ ಮನೆಯವರಿಂದ ಗೊತ್ತಾಗಿ, ಸ್ವಂತ ಅಣ್ಣನ ಮಗಳ ಮದುವೆಗೆ ನಾನು ಹೊರಗಿನವಳೇ ಎಂದು ಮುಖ ಊದಿಸಿಕೊಂಡು ಕೂತಳು. ಅವಳದು ಮದುವೆಯಲ್ಲಿ ಆರತಿ ಎತ್ತುವ ಕೈ. ಅವಳು ಬರದಿದ್ದರೆ ನನ್ನ ಮಗಳು ಕೃತ್ತಿಕಾ ಮಂಟಪದಲ್ಲಿ ಯಾರ ಮುಖ ನೋಡಬೇಕು? ಮನೆಯ ಪಟದ ಮುಂದೆ ಇಟ್ಟುಬಿಡೋಣ ಮಾವಾ ಎಂದೆ. ಅಣೆಯ ದಡದಲ್ಲಿ ಇಟ್ಟು ಕೈ ಮುಗಿಯೋಣ ಎಂದೂ ಹೇಳಿದೆ. ಮಾವ ಒಪ್ಪಲಿಲ್ಲ. ಕಲ್ಲಿನ ಮುಂದೆಯೇ ಇಡಬೇಕು, ಅಷ್ಟೇ.

ಇಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಸಹಿಸುತ್ತಿದ್ದೆ. ಆದರೆ ನೀರು ಇಳಿಯಲಿಲ್ಲ ಎಂದು ನಾನು ಬಾಯಿ ತೆರೆದರೆ ಸಾಕು, ಮಾವನ ಅಣೆಯ ಚರಿತ್ರೆ ಶುರು. ಇಪ್ಪತ್ತೇಳು ವರ್ಷದಿಂದ ಕೇಳುತ್ತಿದ್ದೇನೆ. ಅಣೆ ಇಲ್ಲದ ಕಾಲದಲ್ಲಿ ಹೊಳೆ ಮಳೆಗಾಲದಲ್ಲಿ ದನ ಕರು ಕೊಚ್ಚಿಕೊಂಡು ಹೋಗುತ್ತಿತ್ತಂತೆ, ಬೇಸಿಗೆಯಲ್ಲಿ ಕುಡಿಯಲೂ ಇರುತ್ತಿರಲಿಲ್ಲವಂತೆ. ಅದಕ್ಕೇ ಪ್ರವಾಹ ಹಿಡಿಯಲು, ಕೆಳಗಿನ ಹಳೆಯ ಗದ್ದೆಗಳಿಗೆ ಎರಡು ಬೆಳೆ ಕೊಡಲು, ಹೊಸ ಕಾಲುವೆ ತೆಗೆದು ಮಳೆಯನ್ನೇ ನಂಬಿದ ಮಾನಾವಾರಿ ಹೊಲಕ್ಕೂ ನೀರು ಹರಿಸಲು ಕಟ್ಟಿದ್ದಂತೆ. ಗೋಡೆಯ ಉದ್ದ, ನೀರು ಬಿಡುವ ಮದಗುಗಳ ಲೆಕ್ಕ, ಯಾವ ಕಾಲುವೆಗೆ ಯಾವ ತಿಂಗಳು ಎಂಬುದೆಲ್ಲ ಬಾಯಿಪಾಠ. ಕೃತ್ತಿಕಾಳನ್ನು ನೋಡಲು ಬಂದ ದಿನ ಗಂಡಿನ ಅಪ್ಪನನ್ನು ಕೂರಿಸಿಕೊಂಡು, ನಿಮ್ಮ ಭತ್ತ ನಮ್ಮೂರ ಮೇಲೆ ನಿಂತ ನೀರಿನದು ಎಂದು ಶುರುಮಾಡಿದವರು, ಕಾಫಿ ಆರಿ ಕೆನೆ ಕಟ್ಟಿದರೂ ಬಿಡಲಿಲ್ಲ. ಒಳಗೆ ನಿಂತು ನಾನು ಹಲ್ಲು ಕಡಿಯುತ್ತಿದ್ದೆ.

ಕಡೆಗೆ ಕಾಲುವೆಗೆ ನೀರು ಬಿಟ್ಟರು. ಅರವತ್ತು, ಐವತ್ತೊಂಬತ್ತೂವರೆ, ಐವತ್ತೊಂಬತ್ತು. ಮದುವೆಗೆ ಎಂಟು ದಿನ ಇದೆ ಎನ್ನುವಾಗ ಐವತ್ತೆಂಟು ಆಯಿತು. ಆ ಬೆಳಿಗ್ಗೆಯೇ ಹೊರಟೆವು.

ಹೆಂಗಸರು ದಡದಲ್ಲಿ ನಿಲ್ಲುವುದು ವಾಡಿಕೆ. ಗಂಡಸರು ಮೀನಿನವರ ಹರಿಗೋಲಿನಲ್ಲಿ ಹೋಗಿ ಪೂಜೆ ಮಾಡಿ ಬರುತ್ತಾರೆ. ಈ ಸಲ ನಾನು ನಿಲ್ಲಲಿಲ್ಲ. ಇಷ್ಟು ದಿನ ನನ್ನ ಜೀವ ಹಿಂಡಿದ ಆ ದೇವರನ್ನು ನಾನೂ ನೋಡಬೇಕು ಎಂದು ಸೀರೆ ಎತ್ತಿ ಕಟ್ಟಿ ಹತ್ತಿ ಕೂತೆ. ಮಾವ ಬೇಡ ಎನ್ನಲಿಲ್ಲ.

ಮೊಣಕಾಲುದ್ದದ ಕಲ್ಲು, ಕೆಸರಿನಲ್ಲಿ ವಾಲಿಕೊಂಡಿತ್ತು. ಯಜಮಾನರು ಹರಿಗೋಲು ಜಾರದಂತೆ ಹಿಡಿದು ನಿಂತರು. ನಾನು ಇಳಿದು, ತಂದಿದ್ದ ತೆಂಗಿನ ನಾರಿನಿಂದ ಪಾಚಿ ಉಜ್ಜತೊಡಗಿದೆ. ಮುಂದುಗಡೆ ಹಳೆಯ ಅರಿಶಿನದ ಕಲೆ. ಹಿಂದುಗಡೆ ಉಜ್ಜಿದಾಗ ಮೇಲ್ಮುಖವಾದ ಒಂದು ಬಾಣದ ಗುರುತು ಕಂಡಿತು, ಅದರ ಕೆಳಗೆ 112 ಎಂಬ ಅಂಕಿ. ಹೋದ ವರ್ಷ ನಮ್ಮ ನಾರಿನ ಶೆಡ್ಡಿಗೆ ಜಾಗ ಅಳೆದಾಗ ನಾಲ್ಕು ಮೂಲೆಗೂ ಇಂಥದೇ ಕಲ್ಲು ನೆಟ್ಟಿದ್ದರು.

ಅದು ಸರ್ವೇ ಕಲ್ಲು. ಎಷ್ಟು ನೆಲ ಮುಳುಗುತ್ತದೆ ಎಂದು ಅಳೆಯಲು ಅಣೆಯವರೇ ನೆಟ್ಟದ್ದು.

ನನಗೆ ರಕ್ತ ತಲೆಗೇರಿತು. ಇದಕ್ಕಾ ನನ್ನ ನಾದಿನಿ ಮುನಿಸಿಕೊಂಡದ್ದು, ಇದಕ್ಕಾ ನಾವು ಮೂರು ತಲೆಮಾರು ಕರ್ಪೂರ ಹಚ್ಚಿದ್ದು ಎಂದು ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಯಜಮಾನರು ಕತ್ತು ಚಾಚಿ ಅಂಕಿ ನೋಡಿದರು. ಅವರಿಗೂ ಗೊತ್ತಿರಲಿಲ್ಲ. ಮಾವ ಮಾತ್ರ ಹರಿಗೋಲಿನಿಂದ ಮೆಲ್ಲಗೆ ಇಳಿದು ಕಲ್ಲಿನ ಹತ್ತಿರ ಬಂದು ನಿಂತರು.

"ನಂಗೊತ್ತು ಅಮ್ಮಣಿ," ಎಂದರು. "ಸಾಮಿ ಗುಡಿ ಇನ್ನೂ ಆಳದಾಗೈತೆ. ಒಂದು ದಿನಾನೂ ಮೇಲೆ ಬರ್ಲಿಲ್ಲ. ಈ ಕಲ್ಲು ನಮ್ಮ ಮನೆ ವಾಸಲಲ್ಲಿ ನೆಟ್ಟಿದ್ದು. ನೆಟ್ಟೋರು ಅತ್ತ ಹೋದ ಕೂಡ್ಲೆ ನಮ್ಮವ್ವ ಇದಕ್ಕೆ ಅರಿಶಿನ ಹಚ್ಚಿ, ನೀರು ಇಲ್ಲಿಗೆ ಬರ್ಬಾರ್ದು ಅಂತ ಕಾಲಿಗೆ ಬಿದ್ಳು. ದಿನಾ ಬಿದ್ಳು."

ಮಗನಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಯಾರು ಬರುತ್ತಿದ್ದರು ಎಂದರು. "ದೇವ್ರಂದ್ರೆ ಬರ್ತೀರಿ. ನಮ್ಮ ಮನೆ ಅಂದ್ರೆ ಬರ್ತಿದ್ರಾ?"

ಬೈಯಲು ಇನ್ನೂ ಬೇಕಾದಷ್ಟಿತ್ತು, ಆದರೆ ನಾನು ನಿಂತಿದ್ದದ್ದು ಅವರ ಮನೆ ಬಾಗಿಲಲ್ಲಿ. ಏನೋ ಕೇಳಬೇಕಲ್ಲ ಎಂದು, ಅಡುಗೆಮನೆ ಎಲ್ಲಿತ್ತು ಮಾವಾ ಎಂದು ಕೇಳಿದೆ.

ಮಾವ ಎಡಕ್ಕೆ ಕೈ ತೋರಿಸಿದರು. ಆಮೇಲೆ ಬಲಕ್ಕೆ. ಕಡೆಗೆ ಕೈ ಇಳಿಸಿದರು.

"ಮರ್ತೋಯ್ತು ಅಮ್ಮಣಿ. ನೀನು ಪತ್ತಿರಿಕೆ ಗಟ್ಟಿಯಾಗಿ ಓದು. ಅವ್ವ ಎಲ್ಲಿದ್ರೂ ಕೇಳ್ಲಿ."

ಯಜಮಾನರು ಪತ್ರಿಕೆ ಕೊಟ್ಟರು. ನೀರಿನ ಕಡೆಗೆ ತಿರುಗಿ, ಮಗಳ ಹೆಸರಿನಿಂದ ಹಿಡಿದು ಮಂಟಪದ ವಿಳಾಸದವರೆಗೂ ಒಂದಕ್ಷರ ಬಿಡದೆ ಓದಿದೆ. ಕೊನೆಯಲ್ಲಿ, ಅದರಲ್ಲಿ ಅಚ್ಚಾಗದಿದ್ದರೂ, ಒಂದು ದಿನ ಮುಂಚೆಯೇ ಬಂದುಬಿಡಿ ಎಂದೆ.