ನೀರು ಬಂತೆಂದು ಹೇಳುವ ಕರೆ

ನೀರು ಸರಬರಾಜು ಕಚೇರಿಯ ದೂರು ವಿಭಾಗಕ್ಕೆ ಬರುವ ಪ್ರತಿ ಕರೆಯೂ ದನಿಸಮೇತ ಡೇಟಾಬೇಸ್ ಸೇರುತ್ತಿತ್ತು. ಅದನ್ನು ನೋಡಿಕೊಳ್ಳುವವನ ಕೋಣೆ ನೆಲಮಾಳಿಗೆಯಲ್ಲಿತ್ತು. ಮೇಲಿನವರ ಬಾಯಲ್ಲಿ ಅವನು ನೆಲಮಾಳಿಗೆ ಸಾಹೇಬ. ಅವನ ಮೇಜಿನ ಫೋನು ತಿಂಗಳಿಗೊಮ್ಮೆ ಬಾಯಿಬಿಟ್ಟರೆ ಹೆಚ್ಚು.

ಆ ಬೆಳಿಗ್ಗೆ ನೂರು ಜಿಬಿಯ ಡಿಸ್ಕಿನಲ್ಲಿ ಮೂರು ಜಿಬಿ ಉಳಿದಿತ್ತು. ಅದೂ ತುಂಬಿದರೆ ಹೊಸ ದೂರು ದಾಖಲಾಗುವಂತಿರಲಿಲ್ಲ. ಅಪ್ಪಣೆಯಂತೆ ಅವನು ಐದು ವರ್ಷಕ್ಕಿಂತ ಹಳೆಯ ಕರೆಗಳನ್ನೆಲ್ಲ ಅಳಿಸಿದ.

ಮಧ್ಯಾಹ್ನ ಅಧಿಕಾರಿ ಬಂದು ಪರದೆಯತ್ತ ಬಗ್ಗಿದರು.

“ಅಳಿಸಿದೆ ಅಂತೀರಿ. ಡೇಟಾಬೇಸ್ ಫೈಲು ತೊಂಬತ್ತೇಳು ಜಿಬಿ ಇದ್ದದ್ದು ತೊಂಬತ್ತೇಳೇ ಇದೆಯಲ್ಲ?”

“ಒಳಗೆ ನಲವತ್ತು ಖಾಲಿ ಇದೆ ಸಾರ್. ಜನ ಬಿಟ್ಟುಹೋದ್ರೆ ಮನೆ ಚಿಕ್ಕದಾಗುತ್ತಾ?”

ಅವನ ಮನೆಯಲ್ಲಿ ಮೂರು ಕೋಣೆ. ದೀಪ ಹತ್ತುತ್ತಿದ್ದುದು ಒಂದರಲ್ಲಿ.

“ಹಾಗಾದ್ರೆ ಹಿಂಡಿ ಚಿಕ್ಕದು ಮಾಡಿ.”

“ಮಾಡಬಹುದು. ಹೊಸ ಕರೆ ಬಂದ ಹಾಗೆ ಮತ್ತೆ ಉಬ್ಬುತ್ತೆ. ಹೀಗೇ ಬಿಟ್ರೆ ಅವು ಆ ಖಾಲಿ ಜಾಗದಲ್ಲೇ ಕೂರುತ್ತವೆ.”

ಅಧಿಕಾರಿ ಒಪ್ಪಿದರು. ಆದರೆ ಪರದೆಯಲ್ಲಿದ್ದ ಕರೆಗಳ ಪಟ್ಟಿಯ ತುದಿಯಲ್ಲಿ ಅವರ ಬೆರಳು ನಿಂತಿತು: ಒಂದೇ ನಂಬರಿನಿಂದ ಸಾವಿರದ ಎಂಟುನೂರು ಕರೆ, ದಿನಾ ಬೆಳಿಗ್ಗೆ ಏಳೂ ಹತ್ತಕ್ಕೆ.

ದೂರಿನ ಫೋನು ಎತ್ತುವ ಅಕ್ಕನನ್ನು ಮೇಲಿಂದ ಕರೆಸಿದರು. ಅವಳು ನಕ್ಕಳು. “ನೀರಜ್ಜಿ ಸಾರ್. ದೂರು ಅಲ್ಲ, ನೀರು ಬಂತು ಅಂತ ಹೇಳೋಕೆ ಮಾಡ್ತಾರೆ.”

“ಬಂದದ್ದನ್ನೂ ಎಲ್ಲರೂ ಹೇಳೋಕೆ ಶುರುಮಾಡಿದ್ರೆ ಡಿಸ್ಕ್ ಸಾಲಲ್ಲ, ಕೆರೆ ತೋಡಿಸ್ಬೇಕು. ನಾಳೆಯಿಂದ ಆ ನಂಬರು ದೂರಿನ ಲೈನಿಗೆ ಬರಕೂಡದು,” ಎಂದರು ಅಧಿಕಾರಿ.

ಇಬ್ಬರೂ ಮೆಟ್ಟಿಲು ಹತ್ತಿದ ಮೇಲೆ ಅವನು ಆ ಕರೆಗಳಲ್ಲಿ ಒಂದನ್ನು ಕೇಳಿದ. “ನೀರು ಬಂತಮ್ಮಾ. ಇವತ್ತು ಜೋರಾಗಿದೆ. ಅಷ್ಟೇ, ಇನ್ನೇನಿಲ್ಲ.” ಇನ್ನೊಂದನ್ನು ಕೇಳಿದ. ಅದೇ ಮಾತು. ಮಾತು ಮುಗಿದ ಮೇಲೂ ಅಜ್ಜಿ ಫೋನ್ ಇಟ್ಟಿರಲಿಲ್ಲ; ತುಂಬುತ್ತಿರುವ ಕೊಡದ ಸದ್ದು ಕೇಳುತ್ತಿತ್ತು. ಕೊಡ ಕಂಠದವರೆಗೆ ತುಂಬಿದ ಮೇಲೆ ಕರೆ ನಿಲ್ಲುತ್ತಿತ್ತು. ಸಂಜೆಯ ತನಕ ಅವನು ಕೇಳುತ್ತಲೇ ಇದ್ದ.

ಅಪ್ಪಣೆಯನ್ನು ಅವನು ಅಕ್ಷರಶಃ ಪಾಲಿಸಿದ. ಆ ನಂಬರು ದೂರಿನ ಲೈನಿಗೆ ಹೋಗದಂತೆ ತನ್ನ ಮೇಜಿನ ಫೋನಿಗೆ ತಿರುಗಿಸಿದ. ಅಲ್ಲಿ ಆಡಿದ್ದು ಎಲ್ಲೂ ದಾಖಲಾಗುತ್ತಿರಲಿಲ್ಲ. ಎಳ್ಳಷ್ಟು ಜಾಗವೂ ಬೇಕಿರಲಿಲ್ಲ.

ಮರುದಿನ ಆರೂವರೆಗೇ ಬಂದು ಕುಳಿತ. ಏಳೂ ಹತ್ತಕ್ಕೆ ಫೋನು ರಿಂಗಾಯಿತು.

“ನೀರು ಬಂತಮ್ಮಾ.”

“ಬಂತಾ ಅಜ್ಜಿ? ಜೋರಾಗಿದೆಯಾ?”

ಆ ಕಡೆ ಕೊಡ ತುಂಬುವ ಸದ್ದಷ್ಟೇ ಕೇಳಿಸಿತು.

“ಹೊಸಬರಾ? ಸರಿಯಪ್ಪಾ, ಇಡ್ತೀನಿ. ನಿಮಗೆ ಕೆಲಸ ಇರುತ್ತೆ.”

“ಇಲ್ಲಜ್ಜಿ, ಕೆಲಸ ಏನೂ ಇಲ್ಲ,” ಎಂದ. ಅಷ್ಟರಲ್ಲಿ ಲೈನು ಕಡಿದುಹೋಗಿತ್ತು; ಕೊಡ ಇನ್ನೂ ಅರ್ಧವೂ ತುಂಬಿರಲಿಕ್ಕಿಲ್ಲ.